ತೇಗದ ಬಾಗಿಲಿನ ಸಾಲ

ನಾಗಮಂಗಲದಲ್ಲಿ ನಮ್ಮ ಮನೆ ಯಾವುದೆಂದು ಯಾರನ್ನು ಕೇಳಿದರೂ "ಅದೇ, ದೊಡ್ಡ ಬಾಗ್ಲು ಮನೆ" ಎಂದು ಕೈ ತೋರಿಸುತ್ತಿದ್ದರು. ಅಷ್ಟು ವರ್ಷ ಆ ಬೀದಿಯ ಮಕ್ಕಳಿಗೆಲ್ಲ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ಗುರುತಿಗೆ ಮಾತ್ರ ಬಾಗಿಲು. ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತಾ ಅದೇ ಜಂಬವಾಯಿತು. ಆ ಜಂಬಕ್ಕೆ ತಿಂಗಳು ತಿಂಗಳೂ ಬಡ್ಡಿ ಕಟ್ಟಿದವಳೂ ನಾನೇ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದೆ. ನಿವೃತ್ತಿಯಾಗಿ ವರ್ಷ ದಾಟಿತು. ನಮ್ಮ ಯಜಮಾನರು ಬಡಗಿ. ನನ್ನ ಅಪ್ಪನೂ ಬಡಗಿ, ಬಿಂಡಿಗನವಿಲೆ ಕಡೆಯ ಒಂದು ಹಳ್ಳಿಯವನು. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಗುಡಿಸಿದರೆ ಸಿಗುತ್ತಿದ್ದದ್ದು ಮರದ ಹೊಟ್ಟೇ. ಈಗಲೂ ಯಾರಾದರೂ ಹಸಿ ಮರ ಕೊಯ್ಯುತ್ತಿದ್ದರೆ ನಾನು ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ನಿಂತು ಆ ವಾಸನೆ ಕುಡಿದೇ ಹೋಗುವವಳು.

ಅಪ್ಪ ಊರಿನವರ ನೇಗಿಲು, ಕೂರಿಗೆ, ಗಾಡಿ ಎಲ್ಲವನ್ನೂ ವರ್ಷವಿಡೀ ಮಾಡಿಕೊಡುತ್ತಿದ್ದ. ಕಾಸಿನ ಮಾತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ರಾಗಿ ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದೆವು. ಗೋಣಿಚೀಲದ ಬಾಯಿ ಹಿಡಿದು ನಿಲ್ಲುವ ಕೆಲಸ ನನ್ನದು. ಬೆಳಗಿನ ಚಳಿ, ಮೂಗಿನೊಳಗೆಲ್ಲ ರಾಗಿಯ ಧೂಳು, ಹುಲ್ಲಿನ ಮೆದೆಯ ಬೆಚ್ಚನೆ ವಾಸನೆ. ಅಳೆದಾದ ಮೇಲೆ ಗೌಡರು "ಇದು ಮಗೀಗೆ ಕಣಯ್ಯ" ಎಂದು ಎರಡೂ ಕೈಯಲ್ಲಿ ಬಾಚಿ ಇನ್ನಷ್ಟು ಹಾಕುತ್ತಿದ್ದರು. ಅಪ್ಪ ಬೇಡ ಬೇಡ ಅನ್ನುತ್ತಲೇ ಚೀಲದ ಬಾಯಿ ಇನ್ನೂ ಅಗಲ ಮಾಡು ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದ. ಹಳೆಯ ಕಾಲವೇ ಚೆಂದ ಅನ್ನುವವರ ಬಾಯಿಗೆ ನಾನು ಒಣ ರಾಗಿಹಿಟ್ಟು ತುರುಕಿಯೇನು. ಮಳೆಗಾಲ ಬರುವಷ್ಟರಲ್ಲಿ ರಾಗಿ ತುಂಬಿಡುವ ನಮ್ಮ ವಾಡೆ ಬರಿದಾಗಿ, ಅಮ್ಮ ಅಕ್ಕಪಕ್ಕದವರ ಮನೆಗೆ ಮೊರ ಹಿಡಿದು ಹೋಗುತ್ತಿದ್ದುದೂ ನನಗೆ ಗೊತ್ತಿದೆ. ಆದರೂ ಆ ಕಣದ ಬೆಳಗನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಕೊಡುವವನ ಮುಖವೂ ತೆಗೆದುಕೊಳ್ಳುವವನ ಮುಖವೂ ಎದುರುಬದುರಾಗಿ ಇರುತ್ತಿದ್ದವು.

ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಅಪ್ಪನ ಮನೆಯ ಬಾಗಿಲು ಹೇಗಿತ್ತು ಅಂತೀರಿ? ಒಂದು ಹಲಗೆ ಹಲಸಿನದು, ಒಂದು ಬೇವಿನದು, ಮಧ್ಯದ್ದು ಯಾರದೋ ಗಾಡಿಯಿಂದ ಮಿಕ್ಕಿದ್ದು. ಸಂದಿಯಲ್ಲಿ ಬೆಕ್ಕು ನುಗ್ಗುತ್ತಿತ್ತು, ಮಳೆ ನುಗ್ಗುತ್ತಿತ್ತು. ಅಮ್ಮ ಬೈದಾಗಲೆಲ್ಲ "ಈ ಸುಗ್ಗಿ ಕಳೀಲಿ, ಮಾಡ್ಬುಡ್ತೀನಿ" ಅನ್ನುತ್ತಿದ್ದ. ಎಷ್ಟೋ ಸುಗ್ಗಿ ಕಳೆದವು. ಅಮ್ಮ ಆ ಬಾಗಿಲಿನ ಹಿಂದೆಯೇ ತೀರಿಕೊಂಡಳು. ನಾನು ಮನಸ್ಸಿನಲ್ಲೇ ಹಟ ಹಿಡಿದೆ: ನನ್ನದೊಂದು ಮನೆಯಾದರೆ ಅದಕ್ಕೊಂದು ಬಾಗಿಲಿರಬೇಕು.

ನಲವತ್ತು ದಾಟಿದ ಮೇಲೆ ಆ ಕಾಲ ಬಂತು. ನನ್ನ ಸಂಬಳದ ಮೇಲೆ ಬ್ಯಾಂಕಿನಲ್ಲಿ ಸಾಲ ಮಂಜೂರಾಯಿತು. ಸಾಲ ನನ್ನ ಹೆಸರಿಗೆ, ಆದ್ದರಿಂದ ಸೈಟೂ ಮನೆಯೂ ನನ್ನ ಹೆಸರಿಗೆ. ತಳಪಾಯ ಏಳುತ್ತಿದ್ದ ಹಾಗೇ ಯಜಮಾನರಿಗೆ ಯಾರೋ ಸುದ್ದಿ ಹೇಳಿದರು, ಶ್ರೀರಂಗಪಟ್ಟಣದಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾರೆ, ತೇಗದ ತೊಲೆ ಇದೆ ಎಂದು. ಮಾರನೆಯ ದಿನವೇ ನನ್ನನ್ನೂ ಎಳೆದುಕೊಂಡು ಹೊರಟರು. ಅಲ್ಲಿ ಮಣ್ಣು, ಹೆಂಚಿನ ಚೂರುಗಳ ನಡುವೆ ಬಿದ್ದಿದ್ದ ತೊಲೆಗಳನ್ನು ಬೆರಳಗಂಟಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದರು. ಉಗುರಿನಿಂದ ಕೆರೆದು ಮೂಸಿದರು. ಮಾರುವವನ ಮುಂದೆ ಮುಖ ಗಂಟು ಹಾಕಿಕೊಂಡು "ಇದ್ರಾಗೇನೈತೆ, ಒಲೆಗಾಗ್ತದೆ ಅಷ್ಟೆ" ಅಂದರು. ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ್ದು ಬೇರೆ: "ಇಂಥ ಮರ ನನ್ ಜನ್ಮದಲ್ಲಿ ಮುಟ್ಟಿಲ್ಲ ಕನಮ್ಮಿ."

ಗೋಡೆಗೆಂದು ಇಟ್ಟಿದ್ದ ದುಡ್ಡು ಅಲ್ಲೇ ಕರಗಿತು. ಲಾರಿಯ ಮುಂದಿನ ಸೀಟಿನಲ್ಲಿ ಇಬ್ಬರೂ ಇಕ್ಕಟ್ಟಾಗಿ ಕೂತು ಬಂದೆವು. ಪಾಂಡವಪುರ ದಾಟುವಾಗ ಆಲೆಮನೆಗಳಿಂದ ಬೆಲ್ಲ ಕಾಯುವ ವಾಸನೆ. ಡ್ರೈವರು ಟೀಗೆಂದು ನಿಲ್ಲಿಸಿದಾಗ ಯಜಮಾನರು ಇಳಿದು ಹಿಂದೆ ಹೋಗಿ, ಹಗ್ಗ ಸಡಿಲವಾಗಿದೆಯೇನೋ ಎಂದು ನೋಡುವ ನೆಪದಲ್ಲಿ ತೊಲೆಗಳ ಮೇಲೆ ಕೈಯಾಡಿಸಿ ಬಂದರು. ನನ್ನ ಮದುವೆಯ ದಿನಕ್ಕಿಂತ ಆ ದಿನ ನನಗೆ ಹೆಚ್ಚು ಖುಷಿಯಾಗಿತ್ತು. ಇದನ್ನು ಅವರಿಗೂ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಲಿಲ್ಲ.

ಬೇರೆ ಯಾರ ಮನೆಯವರಾದರೂ ಸಾಲದ ದುಡ್ಡಿನಲ್ಲಿ ಮೊದಲು ತಾರಸಿ ಹಾಕಿಸುತ್ತಾರೆ. ನಾವು ಬಡಗಿಗಳು, ಬಾಗಿಲು ಮಾಡಿದೆವು. ತಮ್ಮ ಮರಗೆಲಸದ ಅಂಗಡಿಗೆ ಬಂದ ಕೆಲಸಗಳನ್ನೆಲ್ಲ ಮುಂದೆ ಹಾಕಿ ಆ ಮನುಷ್ಯ ವರ್ಷಕ್ಕೂ ಮಿಕ್ಕಿ ಅದರ ಮುಂದೆ ಕೂತರು. ಮೊಳೆ ಹೊಡೆಯಲಿಲ್ಲ, ಎಲ್ಲವೂ ಮರದ ಬೆಣೆ. ಚೌಕಟ್ಟಿಗೆ ಬಳ್ಳಿಯ ಕೆತ್ತನೆ, ಬಳ್ಳಿಯಲ್ಲಿ ಗಿಣಿ. ನಾನಾದರೂ ಸಾಕು ಅನ್ನಬೇಕಿತ್ತೋ ಇಲ್ಲವೋ? ಸಂಜೆ ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಮುಂದೆ ಕುಕ್ಕರಗಾಲಲ್ಲಿ ಕೂತು, "ಆ ಕಡೆಯ ಗಿಣಿಯ ಬಾಯಲ್ಲಿ ಒಂದು ಹಣ್ಣು ಇರಲಿ" ಎಂದು ಕುಮ್ಮಕ್ಕು ಕೊಡುತ್ತಿದ್ದೆ. ಆ ಹಣ್ಣಿಗೆ ಒಂದು ವಾರ ಹಿಡಿಯಿತು. ತಾರಸಿಗೆ ದುಡ್ಡಿಲ್ಲದೆ ಶಿಕ್ಷಕರ ಸೊಸೈಟಿಯಲ್ಲಿ ಎರಡನೆಯ ಸಾಲ ಎತ್ತಿದೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಕೆ.ಆರ್. ಪೇಟೆಗೆ ಮಗಳನ್ನು ಮದುವೆ ಮಾಡಿಕೊಟ್ಟೆವು, ಅದಕ್ಕೊಂದು ಸಾಲ. ಯಜಮಾನರಿಗೆ ಬಲಭುಜದ ಆಪರೇಷನ್ ಆಯಿತು, ಅದಕ್ಕೊಂದು. ಅಷ್ಟರಲ್ಲಿ ಊರಿಗೆ ರೆಡಿಮೇಡ್ ಬಾಗಿಲುಗಳು ಬಂದವು. ಬೆಳಗ್ಗೆ ಫೋನು ಮಾಡಿದರೆ ಮಧ್ಯಾಹ್ನ ಆಟೋದಲ್ಲಿ ಬಂದಿಳಿಯುವ ಬಾಗಿಲು! ಮರದ ಬಾಗಿಲು ಮಾಡಿಸಲು ಬರುವವರು ಕಡಿಮೆಯಾದರು. ಚೀಟಿ ಹಾಕಿ, ಅದನ್ನು ನಷ್ಟಕ್ಕೆ ಕೂಗಿ ಸೊಸೈಟಿಗೆ ಕಟ್ಟಿದೆ. ಸರ ಅಡವಿಟ್ಟು ಚೀಟಿಗೆ ಕಟ್ಟಿದೆ. ನನ್ನ ಸಂಬಳವೆಂಬುದು ಕಾಲು ತೊಳೆದುಕೊಂಡು, ಊಟಕ್ಕೂ ಕೂರದೆ ಹೊರಟುಬಿಡುವ ನೆಂಟನ ಹಾಗಾಯಿತು.

ಇಷ್ಟರ ಮೇಲೆ ಮುಯ್ಯಿ. ನಮ್ಮ ಕಡೆ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಕೊಟ್ಟರೋ ಅವರ ಮನೆಯ ಮದುವೆಗೆ ಅಷ್ಟನ್ನು, ಮೇಲೆ ಒಂದಿಷ್ಟು ಸೇರಿಸಿ, ಹಿಂತಿರುಗಿಸಬೇಕು. ಬ್ಯಾಂಕಿನವರಾದರೆ ನೋಟಿಸು ಕಳಿಸುತ್ತಾರೆ, ಮುಯ್ಯಿಗೆ ಆ ತೊಂದರೆಯಿಲ್ಲ, ಊರೇ ನೆನಪಿಟ್ಟುಕೊಂಡಿರುತ್ತದೆ. ಒಂದು ಸಲ ಪಾಂಡವಪುರದ ಛತ್ರಕ್ಕೆ ಮದುವೆಗೆ ಹೋಗುವಾಗ ಬಸ್ಸಿನಲ್ಲೇ ಜೊತೆಯ ಮೇಡಂ ಹತ್ತಿರ ಕೈಸಾಲ ತೆಗೆದುಕೊಂಡೆ. ಅವರು ಕೊಟ್ಟು ನಗತೊಡಗಿದರು. ಅದು ಅವರು ಬೆಳಗ್ಗೆ ತಾನೇ ಸೊಸೈಟಿಯಿಂದ ತಂದ ಸಾಲದ ದುಡ್ಡು, ಆ ಸಾಲಕ್ಕೆ ಜಾಮೀನು ಹಾಕಿದ್ದವಳು ನಾನು! ಇಬ್ಬರೂ ಛತ್ರದ ಮುಂದೆ ಇಳಿಯುವವರೆಗೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಊಟ ಮಾತ್ರ ಗಟ್ಟಿಯಾಗಿ ಹೊಡೆದೆವು.

ನಿಜ ಹೇಳಬೇಕೆಂದರೆ ಆ ವರ್ಷಗಳೂ ಈಗ ಹಿತವಾಗಿ ನೆನಪಾಗುತ್ತವೆ. ಸಂಜೆ ಜಗಲಿಯ ಮೇಲೆ ಇಬ್ಬರೂ ಕೂತು, ಮಡಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಯಾವ ಸಾಲವನ್ನು ಯಾವ ಸಾಲದಿಂದ ಮುಚ್ಚುವುದೆಂದು ಲೆಕ್ಕ ಹಾಕುತ್ತಿದ್ದೆವು. ನಾನು ರೇಗಿದರೆ ಅವರು ಬಾಗಿಲಿನ ಕಡೆ ತಿರುಗಿ, "ನೋಡಿ ಮೇಡಮ್ಮೋರೇ, ಸಾಲ ಒಳಕ್ ಬರೋವಾಗ ತಲೆ ಬಗ್ಸೋ ಕಷ್ಟ ಇರ್ಬಾರ್ದು ಅಂತ ಎಷ್ಟ್ ಎತ್ರಕ್ ಮಾಡಿವ್ನಿ!" ಎನ್ನುತ್ತಿದ್ದರು. ನಾನು ಅವರೆ ಸಿಪ್ಪೆ ಎಸೆಯುತ್ತಿದ್ದೆ. ಬಸ್ಸಾರು ಕುದಿಯುತ್ತಿತ್ತು. ಸಾಯಂಕಾಲದ ಬಿಸಿಲು ಬಾಗಿಲಿನ ಮೇಲೆ ಬಿದ್ದಾಗ ಮರದ ಬಣ್ಣ ಜೇನಿನ ಹಾಗಾಗುತ್ತಿತ್ತು. ಸಾಲಗಾರರಾಗಿದ್ದರೂ ನಾವು ದರಿದ್ರರೆಂದು ನನಗೆ ಆಗ ಒಂದು ದಿನವೂ ಅನ್ನಿಸಲಿಲ್ಲ.

ನಿವೃತ್ತಿಗೆ ಎರಡು ವರ್ಷವಿದೆ ಎನ್ನುವಾಗ ಭಯ ಹತ್ತಿತು. ನನಗಿಂತ ಮೊದಲು ನಿವೃತ್ತಿಯಾದ ಮೇಡಂ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಿವೃತ್ತಿಗೆ ಬಂದ ಇಡುಗಂಟೆಲ್ಲ ಸಾಲಕ್ಕೆ ಹೋಯಿತು, ಪಿಂಚಣಿಯಲ್ಲೂ ಬಹುಪಾಲು ಕಂತಿಗೆ ಹೋಗುತ್ತದೆ, ಮನೆಯಲ್ಲಿ ಟ್ಯೂಷನ್ ಮಾಡುತ್ತಿದ್ದೇನೆ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರು ಶಾಲೆಯಲ್ಲಿ ಹುಲಿಯಂತಿದ್ದವರು. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನದೂ ಅದೇ ದಾರಿ. ಯಜಮಾನರ ಭುಜಕ್ಕೆ ಇನ್ನು ಗರಗಸ ಎಳೆಯುವ ಶಕ್ತಿಯಿಲ್ಲ. ಮಗಳ ಮನೆಯವರ ಮುಂದೆ ಕೈಚಾಚುವ ಮಾತಂತೂ ಇಲ್ಲ. ಉಳಿದಿದ್ದು ಒಂದೇ: ಮನೆ ಮಾರುವುದು. ಮಾರಿದರೆ ಎಲ್ಲ ಸಾಲವೂ ಒಂದೇ ಏಟಿಗೆ ತೀರಿ, ಪಿಂಚಣಿ ಪೂರ್ತಿ ಕೈಗೆ ಬರುತ್ತಿತ್ತು.

ಮಾರಬೇಕೆಂಬುದು ನನಗೆ ಅವತ್ತೇ ಗೊತ್ತಾಯಿತು. ಆ ಮನುಷ್ಯನಿಗೆ ಹೇಳುವುದು ಹೇಗೆಂದು ಮಾತ್ರ ಗೊತ್ತಾಗಲಿಲ್ಲ. ಇಟ್ಟಿಗೆ ಸಿಮೆಂಟು ಹೋದರೆ ಹೋಗಲಿ. ಅದೊಂದು ಬಾಗಿಲು ಹೋದರೆ ಇವರು ಉಳಿಯುತ್ತಾರೆಯೇ ಎಂಬುದೇ ನನ್ನ ಭಯ. ಭುಜ ಕೆಟ್ಟ ಮೇಲೆ ಅಂಥದ್ದನ್ನು ಇನ್ನೊಂದು ಮಾಡುವ ಮಾತೇ ಇರಲಿಲ್ಲ. ಬೆಳಗ್ಗೆ ಎದ್ದು ಮೊದಲು ಅದನ್ನು ಮುಟ್ಟಿಯೇ ಅವರು ಮುಖ ತೊಳೆಯಲು ಹೋಗುತ್ತಿದ್ದದ್ದು. ಸಾಲ ಕೊಟ್ಟವರ ಫೋನಿಗೆ ಗದರುವ ನಾನು ಗಂಡನ ಮುಂದೆ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ.

ಯುಗಾದಿಗೆ ಮುಂಚೆ ಒಂದು ಭಾನುವಾರ ಅವರು ಬಾಗಿಲಿಗೆ ಎಣ್ಣೆ ಒರೆಸುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ಮುಖ ಕಾಣದಿದ್ದದ್ದೇ ಅನುಕೂಲವಾಗಿ ಹೇಳಿಬಿಟ್ಟೆ. ಬಟ್ಟೆ ಹಿಡಿದ ಕೈ ನಿಲ್ಲಲಿಲ್ಲ. ಕೆಳಗಿನವರೆಗೂ ಒರೆಸಿ, ಬಟ್ಟೆ ಮಡಚಿಟ್ಟು, ಅಂಗಡಿಗೆ ಹೋದರು. ಆಮೇಲೆ ಒಂದು ವಾರ ಮಾತಿಲ್ಲ. ಮುದ್ದೆ ಮುರಿದು ತಿಂದು ಎದ್ದು ಹೋಗುವುದು. "ಬೈಯಿರಿ, ಹೊಡೆಯಿರಿ, ಏನಾದರೂ ಮಾಡಿ" ಎಂದು ಕಿರುಚಾಡಿದೆ. ಕೊನೆಗೆ ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, "ಬಾಗ್ಲು ಬುಟ್ಟು ಮಿಕ್ಕಿದ್ನ ಮಾರಕ್ಕಾಯ್ತದಾ?" ಎಂದು ಕೇಳಿದರು.

ನನಗೆ ನಗುವೂ ಬಂತು, ಸಂಕಟವೂ ಆಯಿತು. "ಬಾಗಿಲಿಲ್ಲದ ಮನೆ ಯಾರು ತಗೋತಾರೆ?" ಅಂದೆ.

"ಅದೂ ದಿಟವೇ. ನೋಡೋರು ಬರ್ಲಿ ಬುಡು," ಅಂದರು.

ಮೊದಲು ಬ್ರೋಕರು ಕರೆತಂದವನು ಮಳಿಗೆ ಕಟ್ಟುವ ಆಸಾಮಿ. ಮನೆ ಕೆಡವುವುದೇ ಅವನ ಲೆಕ್ಕ. ಬಾಗಿಲನ್ನು ತಟ್ಟಿ, "ಇದ್ನ ಕಿತ್ತು ಮಾರುದ್ರೇ ಒಳ್ಳೆ ದುಡ್ಡು ಬತ್ತದೆ ಕನ್ರೀ" ಎಂದ. ಯಜಮಾನರು ಸುಮ್ಮನೆ ಎದ್ದು ಹಿತ್ತಲಿಗೆ ಹೋದರು. ಅವನು ಹೇಳಿದ ಬೆಲೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ನಾನು ಕಾಫಿಯನ್ನೂ ಕೊಡದೆ ಕಳಿಸಿದೆ. ಬ್ರೋಕರು ಗೇಟಿನ ಹತ್ತಿರ, "ಮೇಡಂ, ಸಾಲ ಇರೋರ್ಗೆ ಇಷ್ಟ್ ಕೋಪ ಇರ್ಬಾರ್ದು" ಎಂದ. ಅವನಿಗೂ ನಾಲ್ಕು ಮಾತು ಸಿಕ್ಕವು.

ಆಮೇಲೆ ಬಂದವರು ಹತ್ತಿರದ ಹಳ್ಳಿಯ ಗಂಡಹೆಂಡಿರು, ತೋಟ, ಹಾಲು ಕರೆಯುವ ಹಸುಗಳು ಇರುವ ಒಕ್ಕಲು ಜನ. ಮೊಮ್ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಲು ಇಲ್ಲೊಂದು ಮನೆ ಬೇಕಿತ್ತು. ಗೌಡರು ಬೋರು, ಸಂಪು ನೋಡಲು ಹೋದರು. ಗೌಡತಿ ಬಾಗಿಲ ಬಳಿಯೇ ನಿಂತರು. ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಗಿಣಿಯ ಬಾಯಿಯ ಹಣ್ಣಿಗೆ ಬೆರಳಿಟ್ಟು, "ಇದ್ನ ಮಾಡ್ದೋರ್ಯಾರು?" ಎಂದು ಕೇಳಿದರು. ನಾನು ಹಿತ್ತಲಲ್ಲಿದ್ದ ಯಜಮಾನರ ಕಡೆ ತೋರಿಸಿದೆ. ಆಕೆ ಅತ್ತ ಒಮ್ಮೆ ನೋಡಿ, "ಅಂಗಾದ್ರೆ ಯಾಕವ್ವ ಮಾರೀಯೆ?" ಅಂದರು. ನಾನು ಬೆಲೆಯ ಮಾತೆತ್ತಿದೆ. ಚೌಕಾಸಿಯಲ್ಲಿ ಮಾತ್ರ ಆಕೆ ನನಗೆ ಒಂದು ರೂಪಾಯಿಯ ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ನಾನೂ ಬಿಡಲಿಲ್ಲ. ಇಬ್ಬರೂ ಸಂಜೆಯವರೆಗೆ ಎಳೆದಾಡಿ ಒಂದು ಮಾತಿಗೆ ಬಂದೆವು.

ಅವರ ಮುಂಗಡದಿಂದ ಬ್ಯಾಂಕಿನ ಸಾಲ ತೀರಿತು, ಪತ್ರಗಳು ಬಿಡುಗಡೆಯಾದವು, ರಿಜಿಸ್ಟರ್ ಆಯಿತು. ಬಂದ ದುಡ್ಡಿನಲ್ಲಿ ಸೊಸೈಟಿ, ಚೀಟಿ, ಅಡವಿನ ಸರ ಎಲ್ಲ ಮುಗಿಸಿ, ಜೊತೆಯ ಮೇಡಂನ ಕೈಸಾಲವನ್ನೂ ಕೊಟ್ಟೆ. ನಮ್ಮ ಶಾಲೆಯ ಹಿಂದೆಯೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅದರ ಬಾಗಿಲು ತಗಡಿನದು. ಯಜಮಾನರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಇರುಳು ನಿದ್ದೆ ಬರದೆ ಹೊರಳುವುದು ನನಗೆ ಕೇಳಿಸುತ್ತಿತ್ತು. ನಾನು ಸಾಲ ತೀರಿಸುವ ಆತುರದಲ್ಲಿ ಈ ಮನುಷ್ಯನನ್ನು ಕಳೆದುಕೊಳ್ಳುತ್ತೇನೇನೋ ಎಂದು ಹೆದರಿ ನಾನೂ ಮಲಗಲಿಲ್ಲ.

ಗೌಡರು ಆ ಮನೆಯಲ್ಲಿ ಹಾಲುಕ್ಕಿಸುವ ದಿನಕ್ಕೆ ನಮ್ಮನ್ನೂ ಕರೆದಿದ್ದರು. ನಾನು ಹೋಗುವುದಿಲ್ಲವೆಂದು ನಿರ್ಧರಿಸಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಯಜಮಾನರಿಲ್ಲ, ಮರ ಹೆರೆಯುವ ಅವರ ಉಜ್ಜುಗೊರಡೂ ಇಲ್ಲ. ಓಡುತ್ತಾ ಆ ಮನೆಗೆ ಹೋದೆ. ಚಪ್ಪರ ಹಾಕಲು ಬಂದಿದ್ದ ಹುಡುಗರ ಕೈಯಲ್ಲಿ ಬಾಗಿಲಿನ ಒಂದು ರೆಕ್ಕೆಯನ್ನು ಇಳಿಸಿ ಜಗಲಿಗೆ ಒರಗಿಸಿಕೊಂಡು ಅದರ ಕೆಳಗಿನ ಅಂಚನ್ನು ಎಡಗೈಯಲ್ಲಿ ಸವರಿ ಸವರಿ ಹೆರೆಯುತ್ತಿದ್ದಾರೆ. ಮಳೆಗಾಲದಲ್ಲಿ ಅದು ಉಬ್ಬಿ ನೆಲಕ್ಕೆ ಕಚ್ಚುತ್ತಿದ್ದದ್ದು ನಿಜ. ಆದರೂ ನನಗೆ ಉರಿದುಹೋಯಿತು.

"ಮಾರಿದ ಮನೆಯಲ್ಲಿ ನಿಮಗೇನು ಕೆಲಸ? ಮಾನ ಮರ್ಯಾದೆ ಬೇಡವೇ?"

ತಲೆ ಎತ್ತದೆ ಹೇಳಿದರು: "ನಾಳಿಕ್ಕೆ ಬಾಗ್ಲು ಕಚ್ಕೊಂಡ್ರೆ ಅವ್ರು ಬಯ್ಯಾದು ನಿನ್ನಲ್ಲ, ನನ್ನ. ಇದು ನನ್ ಕೆಲ್ಸ."

ಅಷ್ಟರಲ್ಲಿ ಗೌಡತಿ ನೆಂಟರ ಜೊತೆ ಬಂದಿಳಿದರು. ನನಗೆ ನಾಚಿಕೆಯಾಗಿ ಮೂಲೆಗೆ ಸರಿದೆ. ಯಜಮಾನರು ಹುಡುಗರ ಕೈಯಲ್ಲಿ ಬಾಗಿಲನ್ನು ಮತ್ತೆ ಏರಿಸಿ, ಮುಚ್ಚಿ ತೆರೆದು ತೋರಿಸಿದರು. ಸದ್ದಿಲ್ಲದೆ ಆಡಿತು. ಹಾಲು ಉಕ್ಕಿತು. ಒಳಗೆ ಬೇರೆಯವರ ದೇವರ ಪಟ, ಬೇರೆಯವರ ಪಾತ್ರೆ. ಊಟಕ್ಕೆ ಎಲೆ ಹಾಕುವ ಮೊದಲು ಗೌಡತಿ ಒಂದು ತಟ್ಟೆ ಹಿಡಿದು ಹೊರಗೆ ಬಂದರು. ಅದರಲ್ಲಿ ಪಂಚೆ, ಶಲ್ಯ, ಎಲೆ ಅಡಿಕೆ, ಬೆಲ್ಲದಚ್ಚು, ತೆಂಗಿನಕಾಯಿ, ಮೇಲೆ ದಕ್ಷಿಣೆ. ನಮ್ಮ ಕಡೆ ಹೊಸ ಮನೆಗೆ ಕಾಲಿಡುವ ದಿನ ಬಾಗಿಲು ಮಾಡಿದ ಬಡಗಿಗೆ ಮನೆಯವರು ಹೀಗೆ ತಟ್ಟೆ ಕೊಡುವುದು ವಾಡಿಕೆ. ಕೊಡದಿದ್ದರೆ ಬಾಗಿಲು ಅವರದಾಗುವುದಿಲ್ಲ ಎನ್ನುತ್ತಾರೆ.

"ಆಚಾರ್ರೇ, ಬನ್ನಿ. ತಕ್ಕಳಿ," ಅಂದರು ಗೌಡತಿ.

ಇವರು ಬೇಡವೆಂದು ಎದ್ದು ಬಂದುಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಕೈ ತೊಳೆದುಕೊಂಡು ಬಂದರು. ಪೂರ್ವಕ್ಕೆ ಮುಖ ಮಾಡಿ ನಿಂತು, ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡರು. "ತಣ್ಣಗಿರ್ರವ್ವ," ಎಂದು ಹರಸಿದರು. ಶಲ್ಯವನ್ನು ಅಲ್ಲೇ ಹೆಗಲಿಗೆ ಹಾಕಿಕೊಂಡರು, ಆಪರೇಷನ್ ಆದ ಹೆಗಲಿಗೆ.

ಊಟಕ್ಕೂ ನಿಲ್ಲದೆ ಹಿಂದಕ್ಕೆ ನಡೆದು ಬರುವಾಗ ಅವರು ತಿಂಗಳುಗಳ ಮೇಲೆ ಮೊದಲ ಸಲ ತಾವಾಗಿಯೇ ಮಾತು ತೆಗೆದರು.

"ಒಳ್ಳೆ ಪಂಚೆ ಕನಮ್ಮಿ. ಆ ಬಾಗ್ಲಿಗೆ ಇಲ್ಲೀಗಂಟ ನಂಗ್ಯಾರೂ ಕೊಟ್ಟಿರ್ನಿಲ್ಲ."

ನಾನು ಬೀದಿಯ ಮಧ್ಯದಲ್ಲೇ ನಿಂತುಬಿಟ್ಟೆ. ನಮ್ಮ ಗೃಹಪ್ರವೇಶದ ದಿನ ಗಾರೆಯವರಿಗೆ, ಸೆಂಟ್ರಿಂಗಿನವರಿಗೆ, ಕರೆಂಟಿನ ಹುಡುಗರಿಗೆ ಕೂಡ ನಾನೇ ಬಟ್ಟೆ ಕೊಟ್ಟಿದ್ದೆ. ಇವರು ನನ್ನ ಪಕ್ಕದಲ್ಲಿ ನಿಂತು ತಟ್ಟೆ ಎತ್ತಿಕೊಡುತ್ತಿದ್ದರು. ಮನೆ ನನ್ನ ಹೆಸರಿನಲ್ಲಿತ್ತು, ಕೊಡಬೇಕಾದವಳು ನಾನೇ. ಬಡಗಿ ನನ್ನ ಗಂಡನೇ ಆದ್ದರಿಂದ ಅವರಿಗೂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬ್ಯಾಂಕಿಗೆ, ಸೊಸೈಟಿಗೆ, ಚೀಟಿಗೆ, ಮುಯ್ಯಿಗೆ ಅಷ್ಟೆಲ್ಲ ವರ್ಷ ಕಟ್ಟುತ್ತಲೇ ಇದ್ದೆ. ಇವರಿಗೂ ಒಂದು ಬಾಕಿ ಇತ್ತೆಂದು ಗೊತ್ತೇ ಇರಲಿಲ್ಲ. ಬೇರೆ ಯಾರೋ ಹೆಂಗಸು ಬಂದು ಅದನ್ನು ತೀರಿಸಿದಳು. ಮನೆ ಹೋದ ದಿನವೂ ಬಾರದ ಅಳು ಅವತ್ತು ಬಂತು. ಇವರು ಗಾಬರಿಯಾಗಿ, "ಯಾಕ್ ಮೇಡಮ್ಮೋರೇ, ಊಟ ಮಾಡ್ಕೊಂಡ್ ಬರ್ಬೇಕಾಗಿತ್ತಾ?" ಎಂದು ಕೇಳಿದರು. ನಾನು ಅವರ ಕೈಯಿಂದ ತಟ್ಟೆ ಇಸಿದುಕೊಂಡು, ಹೌದು ಎಂದು ತಲೆಯಾಡಿಸಿ ಮುಂದೆ ನಡೆದೆ.